ರಕ್ಷಣೆ ಯಾರಿಗೆ, ಬೆಲೆ ಯಾರದು?

1812ರ ಮೇ 25ರಂದು ಇಂಗ್ಲೆಂಡಿನ ಈಶಾನ್ಯ ಭಾಗದ ಫೆಲ್ಲಿಂಗ್ ಎಂಬ ಕಲ್ಲಿದ್ದಲು ಗಣಿಯಲ್ಲಿ ಅನಿಲ ಸ್ಫೋಟಗೊಂಡು 92 ಮಂದಿ ಸತ್ತರು. ಸತ್ತವರಲ್ಲಿ ಅನೇಕರು ಇನ್ನೂ ಹುಡುಗರು. ಕಲ್ಲಿದ್ದಲಿನ ಪದರಗಳಿಂದ ಸೋರುವ ಮೀಥೇನ್ ಅನಿಲಕ್ಕೆ ಕಾರ್ಮಿಕರು ಬೆಳಕಿಗಾಗಿ ಒಯ್ಯುತ್ತಿದ್ದ ದೀಪದ ಉರಿ ತಗುಲಿದರೆ ಇಂಥ ಅನಾಹುತ ನಡೆಯುತ್ತಿತ್ತು. ಮೂರು ವರ್ಷಗಳ ಬಳಿಕ, 1815ರ ಕೊನೆಯಲ್ಲಿ, ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಇದಕ್ಕೊಂದು ಪರಿಹಾರ ಕಂಡುಹಿಡಿದರು. ಉರಿಯ ಸುತ್ತ ಸಣ್ಣ ಕಣ್ಣುಗಳ ತಂತಿಬಲೆಯೊಂದನ್ನು ಕೂರಿಸಿದರೆ ಬಲೆಯ ಲೋಹ ಶಾಖವನ್ನು ಹೀರಿಕೊಳ್ಳುತ್ತದೆ, ಒಳಗಿನ ಉರಿ ಹೊರಗಿನ ಅನಿಲವನ್ನು ಹೊತ್ತಿಸದು. ಡೇವಿ ಇದಕ್ಕೆ ಪೇಟೆಂಟ್ ಪಡೆಯಲಿಲ್ಲ. ಜೀವ ಉಳಿಸುವ ವಸ್ತು ಎಲ್ಲರಿಗೂ ದೊರೆಯಲಿ ಎಂಬುದು ಅವರ ಆಶಯವಾಗಿತ್ತು.

ಮುಂದೆ ನಡೆದದ್ದನ್ನು ಗಮನವಿಟ್ಟು ಕೇಳಿ, ಏಕೆಂದರೆ ಇಂದಿನ ನನ್ನ ಮಾತೆಲ್ಲ ಇಲ್ಲಿಂದಲೇ ಹೊರಡುತ್ತದೆ. ಅನಿಲ ಹೆಚ್ಚೆಂಬ ಕಾರಣಕ್ಕೆ ಕೈಬಿಟ್ಟಿದ್ದ ಸುರಂಗಗಳನ್ನು ಗಣಿ ಮಾಲೀಕರು ಹೊಸ ದೀಪದ ಧೈರ್ಯದ ಮೇಲೆ ಮತ್ತೆ ತೆರೆದರು, ಇನ್ನೂ ಆಳಕ್ಕೆ ಇಳಿದರು, ಗಾಳಿಯಾಡುವ ವ್ಯವಸ್ಥೆಗೆ ಹಣ ಹಾಕುವ ತುರ್ತು ಕಡಿಮೆಯಾಯಿತೆಂದು ಭಾವಿಸಿದರು. 1835ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯೊಂದು ಗಣಿ ಅಪಘಾತಗಳನ್ನು ಪರಿಶೀಲಿಸಿದಾಗ, ದೀಪ ಬಂದ ನಂತರದ ವರ್ಷಗಳಲ್ಲಿ ಆ ಪ್ರದೇಶದ ಗಣಿಗಳಲ್ಲಿ ಸತ್ತವರ ಸಂಖ್ಯೆ ಇಳಿದಿರಲಿಲ್ಲ, ಏರಿತ್ತು. ಈ ಅವಧಿಯಲ್ಲಿ ಕಲ್ಲಿದ್ದಲಿನ ಉತ್ಪಾದನೆಯೂ ಕಾರ್ಮಿಕರ ಸಂಖ್ಯೆಯೂ ಹೆಚ್ಚಿದ್ದರಿಂದ ಆ ಏರಿಕೆಯನ್ನೆಲ್ಲ ದೀಪದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ದೀಪ ತಂದುಕೊಟ್ಟ ಸುರಕ್ಷತೆಯ ಒಂದು ಪಾಲು ಹೆಚ್ಚು ಕಲ್ಲಿದ್ದಲಾಗಿ ಮಾರ್ಪಟ್ಟಿತೆಂಬುದು ನಿಶ್ಚಿತ. ಆ ಕಲ್ಲಿದ್ದಲಿನ ಲಾಭ ಪಡೆದವರು ಮಾಲೀಕರು, ಆ ಸುರಂಗಗಳಿಗೆ ಇಳಿದವರು ಕೂಲಿಯವರು.

ಸುರಕ್ಷತಾ ಕ್ರಮವೊಂದು ಬಂದಾಗ ಮನುಷ್ಯರು ತಮ್ಮ ವರ್ತನೆಯನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಂಡು, ದೊರೆತ ರಕ್ಷಣೆಯ ಒಂದು ಭಾಗವನ್ನು ವೇಗಕ್ಕೋ ಅನುಕೂಲಕ್ಕೋ ಲಾಭಕ್ಕೋ ಬಳಸಿಕೊಳ್ಳುವುದನ್ನು ವಿದ್ವಾಂಸರು ಅಪಾಯದ ಸರಿದೂಗಿಕೆ ಎಂದು ಕರೆಯುತ್ತಾರೆ. ಇದು ನಿಜವೇ, ನಿಜವಾದರೆ ಎಷ್ಟರ ಮಟ್ಟಿಗೆ ಎಂಬುದರ ಬಗ್ಗೆ ಅರ್ಧ ಶತಮಾನದಿಂದ ವಾದ ನಡೆದಿದೆ. ಆ ವಾದದಲ್ಲಿ ಹಿಂದೆ ಸರಿದುಹೋಗಿರುವ ಇನ್ನೊಂದು ಪ್ರಶ್ನೆಯನ್ನು, ಅಂದರೆ ಬದಲಾದ ವರ್ತನೆಯ ಬೆಲೆಯನ್ನು ಯಾರು ತೆರುತ್ತಾರೆ ಎಂಬುದನ್ನು, ಮುಂದಕ್ಕೆ ತರಬೇಕೆಂಬುದು ನನ್ನ ಉದ್ದೇಶ.

ವಾದ ಬಿಸಿಯೇರಿದ್ದು 1975ರಲ್ಲಿ. ಅಮೆರಿಕದಲ್ಲಿ 1966ರ ಕಾನೂನಿನ ಫಲವಾಗಿ ಕಾರುಗಳಿಗೆ ಸೀಟ್ ಬೆಲ್ಟ್, ಢಿಕ್ಕಿಯಾದಾಗ ಒಳಕ್ಕೆ ಕುಸಿಯುವ ಸ್ಟೀರಿಂಗ್ ಕಂಬ, ಮೆತ್ತನೆಯ ಡ್ಯಾಶ್‌ಬೋರ್ಡ್, ಸುಲಭವಾಗಿ ಸೀಳದ ಮುಂಗಾಜು, ಎರಡು ಪ್ರತ್ಯೇಕ ಬ್ರೇಕ್ ವ್ಯವಸ್ಥೆಗಳು ಕಡ್ಡಾಯವಾಗಿದ್ದವು. ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್‌ಜ್‌ಮನ್ ಅಂಕಿಅಂಶಗಳನ್ನು ವಿಶ್ಲೇಷಿಸಿ, ಈ ನಿಯಮಗಳಿಂದ ಹೆದ್ದಾರಿ ಸಾವುಗಳ ಒಟ್ಟು ಸಂಖ್ಯೆ ತಗ್ಗಿಲ್ಲವೆಂದು ವಾದಿಸಿದರು. ಕಾರಿನೊಳಗಿನವರ ಜೀವ ಉಳಿದಿರಬಹುದು, ಆದರೆ ಹೆಚ್ಚು ಬಿರುಸಾದ ಚಾಲನೆಯಿಂದ ಪಾದಚಾರಿಗಳ ಸಾವೂ ಒಟ್ಟು ಅಪಘಾತಗಳೂ ಹೆಚ್ಚಿ ಆ ಲಾಭವನ್ನು ಅಳಿಸಿಹಾಕಿವೆ ಎಂಬುದು ಅವರ ತೀರ್ಮಾನ. ನಂತರದ ಸಂಶೋಧಕರು ಅವರ ಲೆಕ್ಕಾಚಾರದಲ್ಲಿ ಅನೇಕ ದೌರ್ಬಲ್ಯಗಳನ್ನು ಎತ್ತಿ ತೋರಿಸಿದರು, ಮತ್ತು ಲಾಭ ಪೂರ್ತಿ ಅಳಿದುಹೋಯಿತೆಂಬ ತೀರ್ಮಾನ ಇಂದು ಹೆಚ್ಚಿನವರಿಗೆ ಒಪ್ಪಿಗೆಯಿಲ್ಲ. ಹಾಗಿದ್ದರೂ ಕಾರಿನ ಒಳಗಿನವರನ್ನೂ ಹೊರಗಿನವರನ್ನೂ ಬೇರೆಬೇರೆಯಾಗಿ ಎಣಿಸಬೇಕೆಂದು ಅವರು ತೋರಿಸಿದ ದಾರಿ ಬಹಳ ಮುಖ್ಯವಾದದ್ದು. ಒಟ್ಟು ಸಂಖ್ಯೆಯೊಂದನ್ನೇ ನೋಡುವವರಿಗೆ ಹೊರೆ ಒಬ್ಬರಿಂದ ಇನ್ನೊಬ್ಬರಿಗೆ ದಾಟಿದ್ದು ಕಾಣುವುದೇ ಇಲ್ಲ.

ಇಲ್ಲೊಂದು ಕವಲುಮಾತು. ಗೋರ್ಡನ್ ಟಲ್ಲಕ್ ಎಂಬ ಅರ್ಥಶಾಸ್ತ್ರಜ್ಞರ ಹೆಸರಿನಲ್ಲಿ ಒಂದು ಊಹಾಪ್ರಯೋಗ ಪ್ರಚಲಿತವಾಗಿದೆ. ಪ್ರತಿ ಕಾರಿನ ಸ್ಟೀರಿಂಗ್ ಚಕ್ರದ ನಡುವೆ ಚಾಲಕನ ಎದೆಗೆ ನೇರವಾಗಿ ಒಂದು ಉಕ್ಕಿನ ಮೊಳೆಯನ್ನು ನೆಟ್ಟರೆ ಎಲ್ಲರೂ ಎಷ್ಟು ಎಚ್ಚರದಿಂದ ಓಡಿಸಿಯಾರು, ಯೋಚಿಸಿ ಎನ್ನುತ್ತದೆ ಅದು. ಮನುಷ್ಯನ ಎಚ್ಚರ ಅವನಿಗೆ ತೋರುವ ಅಪಾಯಕ್ಕೆ ಅನುಗುಣವಾಗಿ ಏರಿಳಿಯುತ್ತದೆ ಎಂಬುದನ್ನು ಈ ಚಿತ್ರ ಚೆನ್ನಾಗಿ ಮನಗಾಣಿಸುತ್ತದೆ. ಆದರೆ ಇದನ್ನು ರಕ್ಷಣೆಯ ವಿರುದ್ಧದ ವಾದವಾಗಿ ಬಳಸುವವರನ್ನು ನಾನು ಒಪ್ಪಲಾರೆ. ಎಷ್ಟೇ ಎಚ್ಚರದಿಂದಿರುವವರಿಗೂ ಒಮ್ಮೆ ಕಣ್ಣು ಮಂಜಾಗುತ್ತದೆ, ಟೈರು ಸಿಡಿಯುತ್ತದೆ, ಹಿಂದಿನಿಂದ ಬಂದ ಇನ್ನೊಬ್ಬರ ವಾಹನ ಗುದ್ದುತ್ತದೆ. ಆ ಮೊಳೆ ತಪ್ಪು ಯಾರದೆಂದು ವಿಚಾರಿಸುವುದಿಲ್ಲ. ಭಯದಿಂದ ಹುಟ್ಟುವ ಎಚ್ಚರಕ್ಕೆ ಕ್ಷಣಮಾತ್ರದ ಮರೆವಿಗೂ ಮರಣದಂಡನೆಯನ್ನೇ ಆಧಾರವಾಗಿಟ್ಟುಕೊಳ್ಳುವ ವ್ಯವಸ್ಥೆಯನ್ನು ಮಾನವೀಯ ಎನ್ನಲಾಗದು.

ಪೆಲ್ಟ್‌ಜ್‌ಮನ್‌ಗಿಂತ ಒಂದು ಹೆಜ್ಜೆ ಮುಂದೆ ಹೋದವರು ಕೆನಡಾದ ಮನಶ್ಶಾಸ್ತ್ರಜ್ಞ ಜೆರಾಲ್ಡ್ ವೈಲ್ಡ್. ಪ್ರತಿಯೊಬ್ಬರೂ ತಮಗೆ ಒಪ್ಪಿಗೆಯಾಗುವ ಒಂದು ಮಟ್ಟದ ಅಪಾಯವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ, ಪರಿಸ್ಥಿತಿ ಸುರಕ್ಷಿತವಾದಂತೆ ಹೆಚ್ಚು ಸಾಹಸಕ್ಕೂ ಅಪಾಯಕರವಾದಂತೆ ಹೆಚ್ಚು ಜಾಗ್ರತೆಗೂ ಇಳಿದು ಆ ಮಟ್ಟವನ್ನು ಕಾಯ್ದುಕೊಳ್ಳುತ್ತಾರೆ ಎಂದು 1980ರ ದಶಕದಲ್ಲಿ ಅವರು ಪ್ರತಿಪಾದಿಸಿದರು. ದೇಹ ತನ್ನ ಶಾಖವನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವಂತೆ ಮನಸ್ಸು ಅಪಾಯವನ್ನು ಹಿಡಿದಿಡುತ್ತದೆ ಎಂಬುದು ಅವರ ಸಿದ್ಧಾಂತದ ತಿರುಳು.

ವೈಲ್ಡ್ ಮುಂದಿಟ್ಟ ಎರಡು ನಿದರ್ಶನಗಳು ನಿಜಕ್ಕೂ ಯೋಚನೆಗೆ ಹಚ್ಚುವಂಥವು. ಮೊದಲನೆಯದು ಜರ್ಮನಿಯ ಮ್ಯೂನಿಕ್ ನಗರದ ಟ್ಯಾಕ್ಸಿಗಳದು. ಒಂದು ಟ್ಯಾಕ್ಸಿ ಸಂಸ್ಥೆಯ ಕೆಲವು ಕಾರುಗಳಿಗೆ, ಜೋರಾಗಿ ಬ್ರೇಕ್ ಒತ್ತಿದರೂ ಚಕ್ರಗಳು ಬಿಗಿದುಕೊಳ್ಳದಂತೆ ತಡೆಯುವ ಎಬಿಎಸ್ ವ್ಯವಸ್ಥೆ ಇತ್ತು, ಉಳಿದವಕ್ಕೆ ಇರಲಿಲ್ಲ. ಬೇರೆಲ್ಲ ವಿಷಯದಲ್ಲಿ ಕಾರುಗಳು ಒಂದೇ ಬಗೆಯವು. ಹಲವು ವರ್ಷಗಳ ದಾಖಲೆ ನೋಡಿದಾಗ ಎರಡೂ ಗುಂಪುಗಳ ಅಪಘಾತ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಚಾಲಕರಿಗೆ ತಿಳಿಯದಂತೆ ಪ್ರಯಾಣಿಕರಾಗಿ ಕುಳಿತ ವೀಕ್ಷಕರು, ಎಬಿಎಸ್ ಇದ್ದವರು ತಿರುವುಗಳನ್ನು ಹೆಚ್ಚು ಬಿರುಸಾಗಿ ತೆಗೆದುಕೊಳ್ಳುತ್ತಿದ್ದುದನ್ನೂ ಮುಂದಿನ ವಾಹನಕ್ಕೆ ಹೆಚ್ಚು ಹತ್ತಿರ ಸಾಗುತ್ತಿದ್ದುದನ್ನೂ ಬರೆದಿಟ್ಟರು. ಎರಡನೆಯದು ಇದರ ತಿರುಗುಮುರುಗು ನಿದರ್ಶನ. ಸ್ವೀಡನ್ ದೇಶ 1967ರ ಸೆಪ್ಟೆಂಬರ್ 3ರಂದು ಒಂದೇ ದಿನದಲ್ಲಿ ರಸ್ತೆಯ ಎಡಬದಿಯ ಸಂಚಾರವನ್ನು ಬಲಬದಿಗೆ ಬದಲಿಸಿತು. ಗೊಂದಲದಿಂದ ಅಪಘಾತಗಳು ಹೆಚ್ಚಾದಾವೆಂದು ಯಾರಾದರೂ ಎಣಿಸಬಹುದಾಗಿತ್ತು. ನಡೆದದ್ದು ಬೇರೆ: ಎಲ್ಲರೂ ಹೆದರಿ ಎಚ್ಚರದಿಂದ ಓಡಿಸಿದ್ದರಿಂದ ಸಾವುನೋವು ಇಳಿಯಿತು, ಹೊಸ ಪದ್ಧತಿ ರೂಢಿಯಾದಂತೆ ಸುಮಾರು 2 ವರ್ಷಗಳೊಳಗೆ ಹಳೆಯ ಮಟ್ಟಕ್ಕೆ ಮರಳಿತು. ಮರುವರ್ಷ ಇದೇ ಬದಲಾವಣೆ ಮಾಡಿಕೊಂಡ ಐಸ್‌ಲ್ಯಾಂಡಿನಲ್ಲಿಯೂ ಇಂಥದ್ದೇ ಅನುಭವವಾಯಿತು.

ಇಷ್ಟು ಕೇಳಿದ ಮೇಲೆ ನಿಮ್ಮಲ್ಲಿ ಕೆಲವರಿಗೆ, ಹಾಗಾದರೆ ಸುರಕ್ಷತಾ ಕ್ರಮಗಳೆಲ್ಲ ವ್ಯರ್ಥವೇ ಎನ್ನಿಸಬಹುದು. ಖಂಡಿತ ವ್ಯರ್ಥವಲ್ಲ, ಮತ್ತು ವೈಲ್ಡ್ ಅವರ ಸಿದ್ಧಾಂತ ಮುಗ್ಗರಿಸುವುದು ಇಲ್ಲಿಯೇ. ಅಪಾಯದ ಮಟ್ಟವನ್ನು ಮನಸ್ಸು ಅಷ್ಟು ಕರಾರುವಾಕ್ಕಾಗಿ ಕಾಯ್ದುಕೊಳ್ಳುವುದಾಗಿದ್ದರೆ, ಓಡಿದ ದೂರಕ್ಕೆ ಹೋಲಿಸಿದಾಗ ರಸ್ತೆ ಸಾವುಗಳ ಪ್ರಮಾಣ ಎಷ್ಟೋ ದೇಶಗಳಲ್ಲಿ ದಶಕದಿಂದ ದಶಕಕ್ಕೆ ಇಳಿಯುತ್ತ ಬಂದಿರಲು ಸಾಧ್ಯವೇ ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಮನುಷ್ಯರಿಗೆ ತಮ್ಮ ಅಪಾಯದ ನಿಜವಾದ ಪ್ರಮಾಣ ಗೊತ್ತೇ ಇರುವುದಿಲ್ಲ. ದಶಲಕ್ಷಕ್ಕೆ ಇಷ್ಟು ಎಂದು ಅಳೆಯಬೇಕಾದ ಸಂಭವನೀಯತೆ ಅರ್ಧಕ್ಕೆ ಇಳಿದರೂ ದಿನನಿತ್ಯ ವಾಹನ ಓಡಿಸುವವರಿಗೆ ಅದು ಅನುಭವಕ್ಕೆ ಬರುವುದು ಹೇಗೆ? ಅನುಭವಕ್ಕೆ ಬಾರದ್ದಕ್ಕೆ ಪ್ರತಿಕ್ರಿಯಿಸುವುದು ಯಾರಿಂದಲೂ ಆಗದು.

ಸೀಟ್ ಬೆಲ್ಟನ್ನೇ ತೆಗೆದುಕೊಳ್ಳಿ. ಕಾರಿನ ಮುಂದಿನ ಆಸನದಲ್ಲಿ ಕುಳಿತವರ ಸಾವಿನ ಸಂಭವವನ್ನು ಅದು ಸುಮಾರು 45 ಪ್ರತಿಶತದಷ್ಟು ತಗ್ಗಿಸುತ್ತದೆಂದು ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಅಂದಾಜಿಸಿದೆ. ಇಷ್ಟು ದೊಡ್ಡ ರಕ್ಷಣೆಗೆ ಪ್ರತಿಯಾಗಿ ಚಾಲಕರು ಅಜಾಗರೂಕರಾದರೆ ಅದರ ಗುರುತು ಪಾದಚಾರಿಗಳ ಸಾವಿನಲ್ಲಿ ಕಾಣಬೇಕು. ಅಲ್ಮಾ ಕೋಹೆನ್ ಮತ್ತು ಲಿರಾನ್ ಐನಾವ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ರಾಜ್ಯಗಳು ಬೇರೆಬೇರೆ ವರ್ಷಗಳಲ್ಲಿ ಬೆಲ್ಟ್ ಕಡ್ಡಾಯಗೊಳಿಸಿದ್ದನ್ನು ಬಳಸಿಕೊಂಡು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಗಮನಾರ್ಹ ಗುರುತು ಸಿಗಲಿಲ್ಲ. ಬೆಲ್ಟಿನಿಂದ ಉಳಿದ ಜೀವಗಳು ಸರ್ಕಾರಿ ಅಂದಾಜಿಗಿಂತ ಕಡಿಮೆ ಎಂದೂ ಅವರು ಕಂಡುಕೊಂಡರು, ಆದರೆ ಉಳಿದದ್ದಂತೂ ನಿಜ. ಇದಕ್ಕೂ ಮೊದಲು, 1988ರಲ್ಲಿ, ಸ್ಟ್ರೆಫ್ ಮತ್ತು ಗೆಲ್ಲರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಸಣ್ಣ ರೇಸ್ ಬಂಡಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಒಂದು ಸೂಕ್ಷ್ಮ ಹೊರಬಿತ್ತು. ಬೆಲ್ಟ್ ಧರಿಸಿದ ಗುಂಪಿಗೂ ಧರಿಸದ ಗುಂಪಿಗೂ ವೇಗದಲ್ಲಿ ವ್ಯತ್ಯಾಸವಿರಲಿಲ್ಲ. ಆದರೆ ಮೊದಲು ಬೆಲ್ಟ್ ಇಲ್ಲದೆ ಓಡಿಸಿ ನಂತರ ಧರಿಸಿದವರು ವೇಗ ಹೆಚ್ಚಿಸಿದರು. ಮನಸ್ಸಿಗೆ ತಟ್ಟುವುದು ರಕ್ಷಣೆ ಇದ್ದುದರಿಂದ ಇಲ್ಲದ್ದಕ್ಕೆ, ಇಲ್ಲದ್ದರಿಂದ ಇದ್ದುದಕ್ಕೆ ಆಗುವ ಬದಲಾವಣೆ ಎಂದು ಇದರಿಂದ ತೋರುತ್ತದೆ. ಹುಟ್ಟಿದಾಗಿನಿಂದ ಬೆಲ್ಟ್ ಕಟ್ಟಿಕೊಂಡೇ ಬೆಳೆದವರಿಗೆ ಹೋಲಿಸಿ ನೋಡಲು ಬೆಲ್ಟಿಲ್ಲದ ಅನುಭವವೇ ಇಲ್ಲ.

ಹೀಗಾಗಿ ಸರಿದೂಗಿಕೆ ಇದೆಯೋ ಇಲ್ಲವೋ ಎಂದು ಕೇಳುವುದಕ್ಕಿಂತ, ಯಾವ ಕ್ರಮಕ್ಕೆ ಜನ ಪ್ರತಿಕ್ರಿಯಿಸುತ್ತಾರೆ ಎಂದು ಕೇಳುವುದು ಹೆಚ್ಚು ಫಲಕಾರಿ. ಸಂಶೋಧಕ ಜೇಮ್ಸ್ ಹೆಡ್ಲಂಡ್ 2000ದಲ್ಲಿ ಈ ವಿಷಯದ ಸಾಹಿತ್ಯವನ್ನೆಲ್ಲ ಪರಿಶೀಲಿಸಿ ಕೊಟ್ಟ ವಿವರಣೆ ನನಗೆ ಇಂದಿಗೂ ಅತ್ಯಂತ ಉಪಯುಕ್ತವೆನಿಸುತ್ತದೆ. ಕ್ರಮ ನನ್ನ ಕಣ್ಣಿಗೆ ಬೀಳಬೇಕು, ನನ್ನ ಮೇಲೆ ಅದರ ಪರಿಣಾಮ ಅನುಭವಕ್ಕೆ ಬರಬೇಕು, ವರ್ತನೆ ಬದಲಿಸಿದರೆ ನನಗೇನಾದರೂ ಲಾಭವಿರಬೇಕು, ಬದಲಿಸುವ ಸ್ವಾತಂತ್ರ್ಯವೂ ನನ್ನ ಕೈಯಲ್ಲಿರಬೇಕು. ಇವು ಕೂಡಿಬಂದಲ್ಲಿ ಸರಿದೂಗಿಕೆಯನ್ನು ನಿರೀಕ್ಷಿಸಬಹುದು ಎನ್ನುತ್ತಾರೆ ಅವರು. ಕುಸಿಯುವ ಸ್ಟೀರಿಂಗ್ ಕಂಬ ತಮ್ಮ ಕಾರಿನಲ್ಲಿದೆ ಎಂದು ಈ ಸಭೆಯಲ್ಲಿ ಎಷ್ಟು ಮಂದಿ ಎಂದಾದರೂ ಯೋಚಿಸಿದ್ದೀರಿ? ಯೋಚಿಸಿಯೇ ಇಲ್ಲದಿದ್ದರೆ ಅದನ್ನು ನೆಚ್ಚಿ ವೇಗ ಹೆಚ್ಚಿಸಿರಲಾರಿರಿ. ಎಬಿಎಸ್ ಹಾಗಲ್ಲ, ಪ್ರತಿ ಬಾರಿ ಜೋರಾಗಿ ಬ್ರೇಕ್ ಒತ್ತಿದಾಗಲೂ ಅದರ ಕೆಲಸ ಕಾಲಿಗೆ ಗೊತ್ತಾಗುತ್ತದೆ. ಕಾರು ಜಾರಿ ಹಿಡಿತ ತಪ್ಪುವ ಹೊತ್ತಿನಲ್ಲಿ ಒಂದೊಂದೇ ಚಕ್ರಕ್ಕೆ ತಾನಾಗಿ ಬ್ರೇಕ್ ಹಾಕಿ ದಾರಿಗೆ ತರುವ ಸ್ಥಿರತಾ ನಿಯಂತ್ರಣ ವ್ಯವಸ್ಥೆ ಎಬಿಎಸ್‌ನ ಮೇಲೆಯೇ ಕಟ್ಟಿದ ತಂತ್ರಜ್ಞಾನ. ಆದರೆ ಅದು ಕೆಲಸ ಮಾಡುವುದು ಅಪರೂಪದ, ಕೈಮೀರಿದ ಕ್ಷಣಗಳಲ್ಲಿ. ಮಾಮೂಲು ಚಾಲನೆಯಲ್ಲಿ ಅದರ ಇರವೇ ತಿಳಿಯದು. ಅದರ ಫಲಿತಾಂಶ ಅತ್ಯುತ್ತಮವಾಗಿದೆ: ಬೇರೆ ವಾಹನದ ಪಾತ್ರವಿಲ್ಲದೆ ಆಗುವ ಪ್ರಾಣಾಂತಿಕ ಅಪಘಾತಗಳ ಸಂಭವವನ್ನು ಅದು ಸುಮಾರು ಅರ್ಧಕ್ಕೆ ಇಳಿಸುತ್ತದೆಂದು ಅಮೆರಿಕದ ಅಧ್ಯಯನಗಳು ತೋರಿಸಿವೆ.

ರಸ್ತೆಗಳ ವಿಷಯದಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ. ಫಿನ್ಲೆಂಡಿನಲ್ಲಿ ಎರಡನೆಯ ದರ್ಜೆಯ ರಸ್ತೆಗಳ ಅಂಚಿಗೆ ಬೆಳಕನ್ನು ಪ್ರತಿಫಲಿಸುವ ಕಂಬಗಳನ್ನು ನೆಟ್ಟರು, ರಾತ್ರಿಯಲ್ಲಿ ತಿರುವುಗಳು ಸ್ಪಷ್ಟವಾಗಿ ಕಾಣಲೆಂದು. 1993ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಆ ರಸ್ತೆಗಳಲ್ಲಿ ಕತ್ತಲೆಯ ವೇಳೆಯ ವೇಗವೂ ಹೆಚ್ಚಿತು, ಗಾಯಗಳಾಗುವ ಅಪಘಾತಗಳೂ ಹೆಚ್ಚಿದವು. ಅಂಚು ಕಂಡೊಡನೆ ಚಾಲಕರಿಗೆ ಧೈರ್ಯ ಬಂತು, ಆದರೆ ಕಿರಿದಾದ, ತಿರುವುಗಳ ಆ ರಸ್ತೆ ಮೊದಲಿನಂತೆಯೇ ಇತ್ತು. ರಸ್ತೆ ಅಗಲ ಮಾಡಿದರೆ, ಬದಿಯ ಮರ ಕಡಿದು ನೋಟ ತೆರೆದರೆ ಸುರಕ್ಷಿತವಾಗುತ್ತದೆ ಎಂದು ಬಗೆಯುವ ಯೋಜಕರು ಈ ಅನುಭವವನ್ನು ನೆನಪಿಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಈಗ ಬೆಲೆಯ ಪ್ರಶ್ನೆಗೆ ಬರುತ್ತೇನೆ. ಒಬ್ಬರ ರಕ್ಷಣೆ ಇನ್ನೊಬ್ಬರ ವರ್ತನೆಯನ್ನು ಬದಲಿಸುವುದೂ ಉಂಟು, ಮತ್ತು ಈ ಬಗೆಯ ಬಗ್ಗೆ ಚರ್ಚೆ ಕಡಿಮೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಇಯಾನ್ ವಾಕರ್ 2006ರಲ್ಲಿ ತಮ್ಮ ಸೈಕಲ್ಲಿಗೆ ದೂರ ಅಳೆಯುವ ಉಪಕರಣ ಕಟ್ಟಿಕೊಂಡು, ಒಮ್ಮೆ ಹೆಲ್ಮೆಟ್ ಧರಿಸಿ ಒಮ್ಮೆ ಧರಿಸದೆ ರಸ್ತೆಗಿಳಿದರು. ತಮ್ಮನ್ನು ದಾಟಿದ ಎರಡು ಸಾವಿರಕ್ಕೂ ಹೆಚ್ಚು ವಾಹನಗಳ ಅಂತರವನ್ನು ದಾಖಲಿಸಿದಾಗ, ಹೆಲ್ಮೆಟ್ ಇದ್ದಾಗ ವಾಹನಗಳು ಸರಾಸರಿ 8.5 ಸೆಂಟಿಮೀಟರ್ ಹೆಚ್ಚು ಹತ್ತಿರದಿಂದ ಸಾಗಿದ್ದು ಕಂಡುಬಂತು. ಇದೇ ದತ್ತಾಂಶವನ್ನು ಮರುವಿಶ್ಲೇಷಿಸಿದ ಬೇರೆ ಸಂಶೋಧಕರು, ನಿಜಕ್ಕೂ ಅಪಾಯಕರವಾಗುವಷ್ಟು ಹತ್ತಿರದ ದಾಟುವಿಕೆಗೂ ಹೆಲ್ಮೆಟ್ಟಿಗೂ ಸಂಬಂಧ ಕಾಣದೆಂದು 2013ರಲ್ಲಿ ವಾದಿಸಿದರು, ಹಾಗಾಗಿ ಇದನ್ನು ಕೇಳಿ ಯಾರೂ ಹೆಲ್ಮೆಟ್ ತೆಗೆದಿಡಬೇಡಿ. ಬಿದ್ದಾಗ ತಲೆ ಕಾಯುವುದು ಅದೇ. ಇಲ್ಲಿ ನಾವು ಗುರುತಿಸಬೇಕಾದದ್ದು ಸಾಧ್ಯತೆಯನ್ನು: ರಕ್ಷಣೆ ಧರಿಸಿದವನನ್ನು ನೋಡಿ ಇನ್ನೊಬ್ಬ ತನ್ನ ಎಚ್ಚರ ಸಡಿಲಿಸಬಹುದು. ಕೆನಡಾದ ಮನಶ್ಶಾಸ್ತ್ರಜ್ಞೆ ಬಾರ್ಬರಾ ಮೊರೊಂಜೆಲ್ಲೊ ಮಕ್ಕಳ ಮೇಲೆ ನಡೆಸಿದ ಅಧ್ಯಯನಗಳಲ್ಲಿ ಎರಡೂ ಬಗೆ ಕಂಡವು. ರಕ್ಷಣಾ ಸಲಕರಣೆ ತೊಟ್ಟ ಮಕ್ಕಳು ಅಡೆತಡೆಗಳ ಹಾದಿಯನ್ನು ಹೆಚ್ಚು ವೇಗವಾಗಿ, ಹೆಚ್ಚು ಎಡವುತ್ತ ದಾಟಿದರು. ಮಗು ಸಲಕರಣೆ ತೊಟ್ಟಿದ್ದಾಗ ತಂದೆತಾಯಿಗಳೂ ಹೆಚ್ಚು ಅಪಾಯದ ಆಟಕ್ಕೆ ಒಪ್ಪಿಗೆ ಕೊಟ್ಟರು. ಇಲ್ಲಿ ನಿರ್ಧಾರ ದೊಡ್ಡವರದು, ಮೊಣಕಾಲು ಮಗುವಿನದು.

ಔಷಧಿ ಸೀಸೆಗಳ ಮುಚ್ಚಳದ ಕಥೆಯೂ ಇದೇ ಜಾತಿಯದು. ಮಕ್ಕಳಿಗೆ ತೆರೆಯಲಾಗದ ಮುಚ್ಚಳಗಳನ್ನು ಅಮೆರಿಕ 1970ರ ಕಾನೂನಿನ ಮೂಲಕ ಜಾರಿಗೆ ತಂದಿತು. ಅರ್ಥಶಾಸ್ತ್ರಜ್ಞ ಕಿಪ್ ವಿಸ್ಕುಸಿ 1984ರಲ್ಲಿ, ಆಸ್ಪಿರಿನ್ ವಿಷಬಾಧೆಯಲ್ಲಿ ನಿರೀಕ್ಷಿಸಿದ ಇಳಿಕೆ ಕಾಣುತ್ತಿಲ್ಲ, ಮುಚ್ಚಳ ತಿರುಗಿಸುವುದು ತ್ರಾಸವೆಂದು ಕೆಲವರು ಸೀಸೆಯನ್ನು ತೆರೆದೇ ಇಡುತ್ತಾರೆ, ಇನ್ನು ಕೆಲವರು ಮುಚ್ಚಳವನ್ನು ನಂಬಿ ಮಗುವಿನ ಕೈಗೆಟಕುವಲ್ಲೇ ಇಡುತ್ತಾರೆ ಎಂದು ವಾದಿಸಿದರು. ಆದರೆ 1996ರಲ್ಲಿ ಪ್ರಕಟವಾದ ಇನ್ನೊಂದು ವಿಶ್ಲೇಷಣೆ, ವೈದ್ಯರು ಬರೆದುಕೊಡುವ ನುಂಗುವ ಔಷಧಿಗಳಿಂದ ಸಣ್ಣ ಮಕ್ಕಳಲ್ಲಿ ಆಗುತ್ತಿದ್ದ ಸಾವುಗಳ ಪ್ರಮಾಣ ಈ ಮುಚ್ಚಳಗಳಿಂದ ಸುಮಾರು 45 ಪ್ರತಿಶತ ತಗ್ಗಿತೆಂದು ತೋರಿಸಿತು. ಎರಡನ್ನೂ ಒಟ್ಟಿಗೆ ಓದಿದರೆ ಮುಚ್ಚಳ ಬೇಕು, ಸೀಸೆ ಎತ್ತರದಲ್ಲಿರುವುದೂ ಬೇಕು ಎಂಬಲ್ಲಿಗೆ ಬರುತ್ತೇವೆ.

ನದಿ ಪ್ರವಾಹದ ವಿಷಯದಲ್ಲಿ ಇಡೀ ಊರುಗಳೇ ಹೀಗೆ ವರ್ತಿಸುತ್ತವೆ. ಭೂಗೋಳಶಾಸ್ತ್ರಜ್ಞ ಗಿಲ್ಬರ್ಟ್ ವೈಟ್ 1940ರ ದಶಕದಲ್ಲಿಯೇ ಇದನ್ನು ಗುರುತಿಸಿದ್ದರು: ಏರಿ ಕಟ್ಟಿದಾಗ ಸಣ್ಣ ಪ್ರವಾಹಗಳು ನಿಲ್ಲುತ್ತವೆ, ನೆಲ ಸುರಕ್ಷಿತವೆಂದು ತೋರಿ ಮನೆಗಳು ಏಳುತ್ತವೆ, ಎಂದೋ ಒಮ್ಮೆ ಏರಿಯನ್ನು ಮೀರಿದ ನೀರು ಬಂದಾಗ ಹಾನಿ ಮೊದಲಿಗಿಂತ ದೊಡ್ಡದಾಗುತ್ತದೆ. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ 1965ರ ಬೆಟ್ಸಿ ಚಂಡಮಾರುತದ ನಂತರ ಏರಿಗಳನ್ನು ಬಲಪಡಿಸುವ ದೊಡ್ಡ ಯೋಜನೆ ಆರಂಭವಾಯಿತು, ಅದರ ಭರವಸೆಯ ಮೇಲೆ ತಗ್ಗು ಪ್ರದೇಶಗಳಲ್ಲಿ ಬಡಾವಣೆಗಳು ಬೆಳೆದವು, 2005ರ ಕತ್ರಿನಾ ಚಂಡಮಾರುತದಲ್ಲಿ ಏರಿಗಳು ಒಡೆದವು. ಅಲ್ಲಿ ಮನೆ ಕಟ್ಟಲು ಅನುಮತಿ ಕೊಟ್ಟವರೂ ಮಾರಿದವರೂ ಬೇರೆ, ಮುಳುಗಿದವರು ಬೇರೆ.

ಸರಿದೂಗಿಕೆಯನ್ನು ನಿಯಮದಿಂದ ತಡೆಯಬಹುದು ಎಂಬುದಕ್ಕೆ ಅಮೆರಿಕನ್ ಫುಟ್‌ಬಾಲ್ ಆಟ ಒಳ್ಳೆಯ ಸಾಕ್ಷಿ. ಗಟ್ಟಿ ಪ್ಲಾಸ್ಟಿಕ್ ಹೆಲ್ಮೆಟ್ ಬಂದ ಮೇಲೆ ತಲೆಬುರುಡೆಗೆ ರಕ್ಷಣೆ ಸಿಕ್ಕಿತು, ಆದರೆ ಆಟಗಾರರು ತಲೆಯನ್ನೇ ಆಯುಧವಾಗಿ ಮಾಡಿಕೊಂಡು ಎದುರಾಳಿಗೆ ಗುದ್ದತೊಡಗಿದರು, ಹಾಗೆ ಗುದ್ದುವುದನ್ನು ತರಬೇತುದಾರರು ಕಲಿಸತೊಡಗಿದರು. 1968ರಲ್ಲಿ ಆಟದ ನೇರ ಗಾಯಗಳಿಂದ 36 ಆಟಗಾರರು ಸತ್ತರು. 1976ರಲ್ಲಿ ಶಾಲಾಕಾಲೇಜು ಮಟ್ಟದ ನಿಯಮಗಳು ತಲೆಯಿಂದ ಗುದ್ದುವುದನ್ನು ನಿಷೇಧಿಸಿದವು, ಅದೇ ಕಾಲದಲ್ಲಿ ಹೆಲ್ಮೆಟ್‌ಗಳಿಗೆ ಗುಣಮಟ್ಟದ ಮಾನದಂಡಗಳೂ ಬಂದವು. 1990ರಲ್ಲಿ ಇಂಥ ನೇರ ಗಾಯದಿಂದ ಒಂದೂ ಸಾವು ಸಂಭವಿಸಲಿಲ್ಲ. ಹೆಲ್ಮೆಟ್ಟನ್ನು ಕಿತ್ತುಹಾಕಿ ಎಂದು ಹೇಳುವ ಅಗತ್ಯ ಯಾರಿಗೂ ಬೀಳಲಿಲ್ಲ.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಸಾರ್ವಜನಿಕ ಆರೋಗ್ಯದ ಕ್ಷೇತ್ರದಲ್ಲಿ ಸರಿದೂಗಿಕೆಯ ಭಯವನ್ನು ರಕ್ಷಣೆಯನ್ನು ತಡೆಹಿಡಿಯಲು ಪದೇಪದೇ ಬಳಸಲಾಗಿದೆ. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ವೈರಸ್ಸಿನ ವಿರುದ್ಧ ಲಸಿಕೆ ಬಂದಾಗ ಅದು ಹದಿಹರೆಯದವರ ನಡತೆಯನ್ನು ಸಡಿಲಿಸೀತೆಂದು ಹಲವರು ಆತಂಕಪಟ್ಟರು. ನಂತರ ನಡೆದ ಅಧ್ಯಯನಗಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಕೋವಿಡ್ ಸಾಂಕ್ರಾಮಿಕದ ಆರಂಭದಲ್ಲಿ, ಮಾಸ್ಕ್ ಧರಿಸಿದವರು ಕೈ ತೊಳೆಯುವುದನ್ನು ಬಿಟ್ಟಾರು ಎಂಬ ಊಹೆಯ ಮೇಲೆ ಮಾಸ್ಕಿನ ಸಲಹೆಗೆ ಹಿಂಜರಿದವರಿದ್ದರು; ಹಿಂದಿನ ಅಧ್ಯಯನಗಳನ್ನು ಪರಿಶೀಲಿಸಿದ ಸಂಶೋಧಕರು 2020ರಲ್ಲಿ ಆ ಊಹೆಗೆ ಆಧಾರವಿಲ್ಲವೆಂದರು. ಸುರಂಗದ ಆಳದಲ್ಲಿ ಲಾಭವಿದ್ದಂತೆ ಕೈ ತೊಳೆಯದಿರುವುದರಲ್ಲಿ ಯಾರಿಗೂ ಲಾಭವಿಲ್ಲ ಎಂಬ ಸರಳ ವ್ಯತ್ಯಾಸವನ್ನು ಈ ಭಯ ಗಮನಿಸುವುದಿಲ್ಲ. ಜನ ಸಡಿಲವಾದಾರೆಂದು ಮೊದಲೇ ತೀರ್ಮಾನಿಸಿ ರಕ್ಷಣೆಯನ್ನು ಕೊಡದಿರುವುದು ದೊಡ್ಡ ಅನ್ಯಾಯವೆಂದು ನಾನು ನಂಬಿದ್ದೇನೆ.

ಸ್ವೀಡನ್ ಸಂಸತ್ತು 1997ರಲ್ಲಿ ರಸ್ತೆಯಲ್ಲಿ ಯಾರೂ ಸಾಯಬಾರದು, ಯಾರೂ ತೀವ್ರವಾಗಿ ಗಾಯಗೊಳ್ಳಬಾರದು ಎಂಬ ಗುರಿಯನ್ನು ಒಪ್ಪಿಕೊಂಡಿತು. ಚಾಲಕರು ತಪ್ಪು ಮಾಡುತ್ತಾರೆ ಎಂಬುದನ್ನು ಮೊದಲೇ ಒಪ್ಪಿ, ಆ ತಪ್ಪು ಸಾವಿಗೆ ದಾರಿಯಾಗದಂತೆ ರಸ್ತೆಯನ್ನು ಕಟ್ಟುವುದು ಅದರ ತಳಹದಿ. ಸಿಗ್ನಲ್ ಇರುವ ಕೂಡುರಸ್ತೆಯ ಬದಲು ವೃತ್ತವೊಂದನ್ನು ಕಟ್ಟಿದರೆ, ಎಷ್ಟೇ ಧೈರ್ಯಶಾಲಿಯಾದರೂ ವೇಗ ತಗ್ಗಿಸದೆ ಅದನ್ನು ಸುತ್ತಲಾರ. ಎದುರುಬದುರು ಸಂಚಾರದ ನಡುವೆ ಉಕ್ಕಿನ ಹಗ್ಗದ ತಡೆ ಹಾಕಿದರೆ ಮುನ್ನುಗ್ಗುವ ಆಸೆಗೆ ಅಲ್ಲಿ ಅವಕಾಶವೇ ಇಲ್ಲ. ಹೆಡ್ಲಂಡ್ ಹೇಳಿದ ಸ್ವಾತಂತ್ರ್ಯವನ್ನು, ಅಂದರೆ ಇನ್ನೊಬ್ಬರ ಜೀವವನ್ನು ಪಣಕ್ಕಿಡುವಷ್ಟು ಮಟ್ಟಿನ ಸ್ವಾತಂತ್ರ್ಯವನ್ನು, ಇಂಥ ರಸ್ತೆ ಕಿತ್ತುಕೊಳ್ಳುತ್ತದೆ.

ವಾಹನಗಳ ಮಟ್ಟಿಗೂ ಹೊರಗಿನವರನ್ನು ಲೆಕ್ಕಕ್ಕೆ ತರುವ ಕೆಲಸ ಆರಂಭವಾಗಿದೆ. ಹೊಸ ಕಾರುಗಳನ್ನು ಢಿಕ್ಕಿ ಹೊಡೆಸಿ ಪರೀಕ್ಷಿಸಿ ನಕ್ಷತ್ರಗಳ ದರ್ಜೆ ಕೊಡುವ ಯೂರೋ ಎನ್‌ಕ್ಯಾಪ್ ಸಂಸ್ಥೆ 1997ರ ತನ್ನ ಮೊದಲ ಸುತ್ತಿನಿಂದಲೇ, ಕಾರು ಗುದ್ದಿದ ಪಾದಚಾರಿಗೆ ಏನಾಗುತ್ತದೆ ಎಂಬುದನ್ನೂ ಅಳೆಯುತ್ತಿತ್ತು. ಆದರೆ ಆ ಅಂಕವನ್ನು ಬೇರೆಯಾಗಿ ಪ್ರಕಟಿಸುತ್ತಿದ್ದುದರಿಂದ, ಒಳಗಿನವರ ರಕ್ಷಣೆಗೆ ಸಿಕ್ಕ ನಕ್ಷತ್ರಗಳನ್ನಷ್ಟೇ ಜಾಹೀರಾತಿನಲ್ಲಿ ತೋರಿಸಿ ಕಾರು ಮಾರಬಹುದಾಗಿತ್ತು. 2009ರಿಂದ ಎರಡನ್ನೂ ಒಂದೇ ದರ್ಜೆಗೆ ಸೇರಿಸಲಾಯಿತು. ಅಂದಿನಿಂದ, ಒಳಗೆ ಕುಳಿತವರನ್ನು ಎಷ್ಟೇ ಚೆನ್ನಾಗಿ ಕಾಪಾಡಿದರೂ, ರಸ್ತೆಯಲ್ಲಿ ನಡೆದು ಹೋಗುವವರನ್ನು ಕಡೆಗಣಿಸಿದ ಕಾರಿಗೆ ಪೂರ್ಣ ನಕ್ಷತ್ರಗಳು ಸಿಗುವುದಿಲ್ಲ.